ಆರ್ಗನ್ ಮುಂದೆ ಕೂತಿದ್ದ ಆಲ್ಬರ್ಟಾ ಕಿಂಗ್

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಪರಿಚಯ ಮಾಡ್ಕೊಟ್ಟವರು 'ಮಾರ್ಟಿನ್ ಲೂಥರ್ ಕಿಂಗ್ ಅವರ ತಾಯಿ ಬಗ್ಗೆ ಇವತ್ತಿನ ಮಾತು' ಅಂದ್ರು. ತಪ್ಪೇನಿಲ್ಲ, ಆದ್ರೆ ಈ ಹೆಣ್ಣುಮಗಳ ಹಣೆಬರಹನೇ ಹಂಗೆ ನೋಡಿ, ಮೊದಲು ಪಾಸ್ಟರ್ ವಿಲಿಯಮ್ಸ್ ಮಗಳು, ಆಮೇಲೆ ಪಾಸ್ಟರ್ ಕಿಂಗ್ ಹೆಂಡ್ತಿ, ಕೊನೆಗೆ ಡಾಕ್ಟರ್ ಕಿಂಗ್ ತಾಯಿ. ಹೆಸರು ಆಲ್ಬರ್ಟಾ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚ್ ಅಂತಿದೆ, ಅಲ್ಲಿ ಇವರ ಅಪ್ಪ ಪಾಸ್ಟರ್, ಗಂಡ ಪಾಸ್ಟರ್, ಇಬ್ಬರು ಗಂಡುಮಕ್ಕಳೂ ಒಂದೊಂದು ಕಾಲಕ್ಕೆ ಸಹ-ಪಾಸ್ಟರ್. ಮೂರು ತಲೆಮಾರು ಪ್ರಸಂಗಪೀಠದಲ್ಲಿ ಗಂಡಸರು ಬದಲಾಗ್ತಾ ಹೋದ್ರು, ಅಷ್ಟೂ ಜನಕ್ಕೆ ಸಂಬಂಧದ ಕೊಂಡಿ ಇವರೊಬ್ಬರೇ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ: ಆ ಚರ್ಚು ಆ ಮನೆತನಕ್ಕೆ ಉಳಿದಿದ್ದು ಇವರಿಂದ, ಲೆಕ್ಕ ಬರೆಯೋವಾಗ ಮಾತ್ರ ಇವರನ್ನ ಒಂದು ಸಾಲಲ್ಲಿ ಮುಗಿಸಿಬಿಟ್ರು.

ಬ್ಯಾಪ್ಟಿಸ್ಟ್ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇವರಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಇಲ್ಲ, ವ್ಯಕ್ತಿ ತಾನೇ ನಂಬಿ ಮುಂದೆ ಬರ್ಬೇಕು, ಆಗ ಪೂರ್ತಿ ನೀರಲ್ಲಿ ಮುಳುಗಿಸಿ ಎಬ್ಬಿಸ್ತಾರೆ. ಇನ್ನೊಂದು ಏನಂದ್ರೆ ಮೇಲಿಂದ ಬಿಷಪ್ ಬಂದು ಪಾಸ್ಟರನ್ನ ನೇಮಿಸಲ್ಲ, ಸಭೆಯವರೇ ಸೇರಿ ಆರಿಸ್ಕೋತಾರೆ, ಕಟ್ಟಡ ದುಡ್ಡು ಎಲ್ಲಾ ಸಭೆಯದೇ ತಲೆನೋವು. ಅಂದ್ರೆ ಜನ ಬಂದ್ರೆ ಚರ್ಚು, ಇಲ್ಲಾಂದ್ರೆ ಖಾಲಿ ಬೆಂಚು. ಆಲ್ಬರ್ಟಾ ಅವರ ಅಪ್ಪ ಆಡಮ್ ಡೇನಿಯಲ್ ವಿಲಿಯಮ್ಸ್ 1894ರಲ್ಲಿ ಎಬನೇಜರ್ ವಹಿಸ್ಕೊಂಡಾಗ ಅಲ್ಲಿದ್ದಿದ್ದು ಬರೀ 13 ಜನ ಸದಸ್ಯರು. ಅವರು ಅಟ್ಲಾಂಟಾದಲ್ಲಿ ಕಪ್ಪು ಜನರ ಹಕ್ಕಿಗೂ ಹೋರಾಡಿದವರು, ಕಪ್ಪು ಮಕ್ಕಳಿಗೆ ಮೊದಲ ಸರ್ಕಾರಿ ಹೈಸ್ಕೂಲ್ 1924ರಲ್ಲಿ ಶುರುವಾಗಿದ್ರಲ್ಲಿ ಅವರ ಕೈ ಇತ್ತು. ತಾಯಿ ಜೆನ್ನಿ ಸೆಲೆಸ್ಟ್ ಚರ್ಚಿನ ಹೆಂಗಸರ ಕೆಲಸಕ್ಕೆಲ್ಲಾ ಮುಂದಾಳು. ಈ ಮನೇಲಿ ಒಬ್ಬಳೇ ಮಗಳಾಗಿ ಬೆಳೆದವರು ಆಲ್ಬರ್ಟಾ.

ಓದಿನಲ್ಲಿ ಚುರುಕು. ಸ್ಪೆಲ್ಮನ್‌ನಲ್ಲಿ ಹೈಸ್ಕೂಲ್, ಆಮೇಲೆ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್, 1924ರಲ್ಲಿ ಟೀಚರ್ ಸರ್ಟಿಫಿಕೇಟ್. ಸ್ವಲ್ಪ ದಿನ ಪಾಠನೂ ಮಾಡಿದ್ರು. ಆದ್ರೆ 1926ರ ನವೆಂಬರ್‌ನಲ್ಲಿ ಮದುವೆ ಆಯ್ತು, ಅಟ್ಲಾಂಟಾ ಸ್ಕೂಲ್ ಬೋರ್ಡ್ ನಿಯಮದ ಪ್ರಕಾರ ಮದುವೆಯಾದ ಹೆಂಗಸು ಟೀಚರ್ ಆಗಿರೋ ಹಂಗಿಲ್ಲ, ಅಲ್ಲಿಗೆ ಆ ಕೆಲಸ ಮುಗೀತು. ಹುಡುಗ ಯಾರಪ್ಪಾ ಅಂದ್ರೆ ಮುಂದೆ ಪಾಸ್ಟರ್ ಕಿಂಗ್ ಆದವನು, ಸ್ಟಾಕ್‌ಬ್ರಿಡ್ಜ್ ಅನ್ನೋ ಹಳ್ಳಿ ಕಡೆಯ ಗೇಣಿ ರೈತನ ಮಗ, ದೊಡ್ಡವನಾದ ಮೇಲೆ ಸ್ಕೂಲಿಗೆ ಸೇರಿ ಐದನೇ ಕ್ಲಾಸಲ್ಲಿ ಕೂತವನು. ಇವರಿಬ್ಬರ ಪರಿಚಯ ವರ್ಷಗಟ್ಟಲೆ ನಡೀತು, ಅವನು ಓದು ಮುಂದುವರಿಸೋಕೆ ವಿಲಿಯಮ್ಸ್ ಮನೆಯವರು ಬೆನ್ನಿಗೆ ನಿಂತ್ರು, ಮೋರ್‌ಹೌಸ್ ಕಾಲೇಜ್ ಸೇರಿ 1930ರಲ್ಲಿ ಡಿಗ್ರಿ ತಗೊಂಡ. ಮಾರನೇ ವರ್ಷ ಮಾವ ತೀರ್ಕೊಂಡ್ರು, ಎಬನೇಜರ್ ಸಭೆ ಅಳಿಯನನ್ನೇ ಪಾಸ್ಟರ್ ಆಗಿ ಕರೀತು. ಈಗ ನೀವೇ ಯೋಚನೆ ಮಾಡಿ, ಸಭೆಯವರು ಆರಿಸ್ಕೊಳ್ಳೋ ಪದ್ಧತೀಲಿ ಆ ಹೊಸ ಪಾಸ್ಟರ್‌ಗೆ ಇದ್ದ ದೊಡ್ಡ ಬಂಡವಾಳ ಯಾವುದು? ಚರ್ಚಿನ ಜನ ಚಿಕ್ಕಂದಿನಿಂದ ನೋಡಿದ ಮಗಳು ಅವನ ಮನೇಲಿದ್ಲು, ಅದು.

ಮಕ್ಕಳು ಮೂರು, 1927ರಲ್ಲಿ ಕ್ರಿಸ್ಟೀನ್, 1929 ಜನವರಿ 15ಕ್ಕೆ ಮಾರ್ಟಿನ್, 1930ರಲ್ಲಿ ಎ.ಡಿ. ಮೂರೂ ಹುಟ್ಟಿದ್ದು ಅಜ್ಜ ಅಜ್ಜಿ ಮನೇಲೇ, 501 ಆಬರ್ನ್ ಅವೆನ್ಯೂ, ಚರ್ಚಿಗೆ ನಡ್ಕೊಂಡೇ ಹೋಗಬಹುದು. ಅಮ್ಮನಿಗೆ ಮಕ್ಕಳು ಪಿಯಾನೋ ಕಲೀಬೇಕು ಅಂತ ಆಸೆ, ಗಂಡುಮಕ್ಕಳಿಗೆ ಸುತರಾಂ ಇಷ್ಟ ಇಲ್ಲ, ಒಂದಿನ ಮೇಷ್ಟ್ರು ಕೂರೋ ಸ್ಟೂಲಿನ ಕಾಲು ಸಡಿಲ ಮಾಡಿಟ್ರಂತೆ, ಪಾಪ ಕೂತ ತಕ್ಷಣ ಕೆಳಗೆ! ಜಗತ್ತಿಗೆ ಅಹಿಂಸೆ ಹೇಳಿದ ಮನುಷ್ಯನ ಬಾಲ್ಯ ಇದು. ದೇವರ ವಿಷಯಕ್ಕೂ ಹಂಗೇನೇ. ವರ್ಜೀನಿಯಾದಿಂದ ಒಬ್ಬ ಪ್ರಸಂಗಿ ಬಂದು ಯಾರು ಸಭೆ ಸೇರ್ತೀರಿ ಅಂತ ಕರೆದಾಗ ಅಕ್ಕ ಎದ್ದು ಹೋದ್ಲು, ಅವಳು ನನಗಿಂತ ಮುಂದೆ ಹೋಗಬಾರ್ದು ಅಂತ ತಾನೂ ಹಿಂದೇನೇ ಎದ್ದು ಹೋದೆ ಅಂತ ಮಾರ್ಟಿನ್ ಆಮೇಲೆ ತಾವೇ ಬರ್ಕೊಂಡಿದಾರೆ, ಆಗ ಅವರಿಗೆ ಐದು ವರ್ಷವಂತೆ.

ಇನ್ನೊಂದು ಪ್ರಸಂಗ ಎಲ್ಲರೂ ಹೇಳ್ತಾರೆ, ನಾನೂ ಹೇಳ್ಲೇಬೇಕು. ಜೊತೆಗೆ ಆಡ್ತಿದ್ದ ಬಿಳಿ ಹುಡುಗ ಸ್ಕೂಲ್ ಶುರುವಾದ ಮೇಲೆ ಆಡೋಕೆ ಬರೋದು ನಿಂತುಹೋಯ್ತು, ಅವನ ಮನೇಲಿ ಬೇಡ ಅಂದ್ರು. ಮಗ ಯಾಕೆ ಅಂತ ಕೇಳ್ದಾಗ ಸಮಾಧಾನಕ್ಕೆ ಏನೋ ಒಂದು ಸುಳ್ಳು ಹೇಳಿ ಕಳಿಸಬಹುದಿತ್ತು. ಹಂಗ್ ಮಾಡ್ಲಿಲ್ಲ. ಗುಲಾಮಗಿರಿಯಿಂದ ಶುರು ಮಾಡಿ, ಅಂತರ್ಯುದ್ಧ, ಬೇರೆ ಸ್ಕೂಲು, ಬೇರೆ ಹೋಟ್ಲು, ನೀರು ಕುಡಿಯೋ ನಲ್ಲಿಗೂ ಬೇರೆ ಬೋರ್ಡು ಯಾಕಿದೆ ಅಂತ ಎಲ್ಲಾ ಬಿಡಿಸಿ ಹೇಳಿ, ಇದು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡ್ಕೊಂಡಿರೋ ವ್ಯವಸ್ಥೆ ಅಂತ ತಿಳಿಸಿ, ನೀನು ಯಾರಿಗೂ ಕಮ್ಮಿ ಇಲ್ಲ ಅಂದ್ರು. ಟೀಚರ್ ಕೆಲಸ ಕಳ್ಕೊಂಡವರು ಮಾಡಿದ ಪಾಠ ಅದು. ಬಿಳಿಯರನ್ನ ದ್ವೇಷಿಸಬೇಡ, ಪ್ರೀತಿಸೋದು ಕ್ರೈಸ್ತನ ಕರ್ತವ್ಯ ಅಂತಲೂ ಅದೇ ಮನೇಲಿ ಹೇಳಿದ್ದು, ಹುಡುಗನಿಗೆ ಅದು ಸುಲಭಕ್ಕೆ ಜೀರ್ಣ ಆಗ್ಲಿಲ್ಲ ಅನ್ನೋದು ಬೇರೆ ಮಾತು.

1932ರಿಂದ ಚರ್ಚಿನ ಆರ್ಗನ್ ಇವರ ಕೈಗೆ ಬಂತು, 1972ರವರೆಗೆ, ಅಂದ್ರೆ 40 ವರ್ಷ. ಕೊಯರ್, ಅಂದ್ರೆ ಚರ್ಚಲ್ಲಿ ಹಾಡೋ ತಂಡ, ಕಟ್ಟಿದವರೂ ಇವರೇ. ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಲ್ಲಿ ಆರ್ಗನ್ ಅಂದ್ರೆ ಹಾಡಿನ ಜೊತೆ ಶ್ರುತಿ ಹಿಡಿಯೋದಷ್ಟೇ ಅಂದ್ಕೋಬೇಡಿ. ಪ್ರಸಂಗ ಏರೋವಾಗ ಅದರ ಕೆಳಗೆ ಆರ್ಗನ್ ಮೆಲ್ಲಗೆ ಶುರುವಾಗುತ್ತೆ, ಪಾಸ್ಟರ್ ಒಂದು ಮಾತು ಹೇಳಿ ನಿಲ್ಲಿಸಿದ್ರೆ ಆ ಖಾಲಿ ಜಾಗ ತುಂಬುತ್ತೆ, ಸಭೆ ಯಾವಾಗ ಎದ್ದು ನಿಲ್ಲಬೇಕು ಯಾವಾಗ ತಣ್ಣಗಾಗಬೇಕು ಅನ್ನೋದು ಅರ್ಧ ಆ ಕೈಲಿರುತ್ತೆ. ಮಾರ್ಟಿನ್ ಚಿಕ್ಕವನಿದ್ದಾಗ ಅಮ್ಮ ಪಿಯಾನೋ ನುಡಿಸ್ತಿದ್ರು, ಅವನು ಬೇರೆ ಬೇರೆ ಚರ್ಚುಗಳಲ್ಲಿ ಹಾಡ್ತಿದ್ದ. ಆ ಮನುಷ್ಯನ ಭಾಷಣದ ಏರಿಳಿತ ಎಲ್ಲಿಂದ ಬಂತು ಅಂತ ಕೇಳಿದ್ರೆ ಎಲ್ಲರೂ ಅಪ್ಪನ ಹೆಸರು ಅಜ್ಜನ ಹೆಸರು ಹೇಳ್ತಾರೆ, ನಾನಂತೂ ಅರ್ಧ ಪಾಲು ಈ ಆರ್ಗನ್ ಬೆಂಚಿಗೇ ಕೊಡ್ತೀನಿ. ಮಧ್ಯೆ 1938ರಲ್ಲಿ, ಮೂರು ಮಕ್ಕಳ ತಾಯಿಯಾಗಿ, ಮಾರಿಸ್ ಬ್ರೌನ್ ಕಾಲೇಜಿಂದ ಬಿ.ಎ.ನೂ ಮುಗಿಸಿದ್ರು. 1950ರಿಂದ 1962ರವರೆಗೆ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನ ಮಹಿಳಾ ವಿಭಾಗಕ್ಕೂ ಇವರೇ ಆರ್ಗನಿಸ್ಟ್.

ಮುಚ್ಚಿಡೋಕೆ ಇಷ್ಟ ಇಲ್ಲ, ಒಂದು ಕಸಿವಿಸಿಯ ಸಂಜೆನೂ ಇದೆ. 1939ರ ಡಿಸೆಂಬರ್, ದಕ್ಷಿಣದ ತೋಟದ ಮಾಲೀಕರ ಕಾಲವನ್ನ ವೈಭವೀಕರಿಸಿದ ದೊಡ್ಡ ಸಿನಿಮಾ ಒಂದರ ಬಿಡುಗಡೆ ಅಟ್ಲಾಂಟಾದಲ್ಲಿ, ಅದಕ್ಕೆ ಬಿಳಿಯರಿಗಷ್ಟೇ ಪ್ರವೇಶ ಇದ್ದ ಭರ್ಜರಿ ನೃತ್ಯಕೂಟ. ಅಲ್ಲಿ ಎಬನೇಜರ್ ಕೊಯರ್ ಗುಲಾಮರ ವೇಷ ಹಾಕ್ಕೊಂಡು ಹಾಡ್ತು, ನಡೆಸಿದ್ದು ಆಲ್ಬರ್ಟಾ, ಹತ್ತು ವರ್ಷದ ಮಾರ್ಟಿನ್ ಕೂಡ ವೇಷ ಹಾಕಿ ಕೂತಿದ್ದ. ಅಟ್ಲಾಂಟಾದ ಬ್ಯಾಪ್ಟಿಸ್ಟ್ ಪಾಸ್ಟರ್‌ಗಳ ಸಂಘ ರೇಗಿ ಖಂಡನೆ ಮಾಡ್ತು, ಕುಣಿತ ಕುಡಿತ ಇರೋ ಕಡೆ, ಅದೂ ಕಪ್ಪು ಜನರನ್ನ ಒಳಗೆ ಬಿಡದ ಕಡೆ ಚರ್ಚಿನ ಕೊಯರ್ ಹೋಗಿದ್ದು ಹೆಂಗೆ ಅಂತ. ಖಂಡನೆ ಆಗಿದ್ದು ಯಾರಿಗೆ? ಪಾಸ್ಟರ್ ಕಿಂಗ್‌ಗೆ. ನೋಡಿ, ಬೈಗುಳದಲ್ಲೂ ಇವರ ಹೆಸರಿಲ್ಲ.

1950ರಲ್ಲಿ ಸೆಮಿನರೀಲಿ, ಅಂದ್ರೆ ಪಾಸ್ಟರ್ ಆಗೋಕೆ ಓದೋ ಕಾಲೇಜಲ್ಲಿ, ಇದ್ದಾಗ ಮಾರ್ಟಿನ್ ತಮ್ಮ ಧಾರ್ಮಿಕ ಬೆಳವಣಿಗೆ ಬಗ್ಗೆ ಒಂದು ಪೇಪರ್ ಬರೀತಾರೆ, ಅದರಲ್ಲಿ ಅಮ್ಮ ತೆರೆಮರೆಯಲ್ಲಿದ್ದು ತಾಯಿ ಮಾಡೋ ಆರೈಕೆ ಮಾಡಿದ್ರು ಅಂತಾರೆ. ಪ್ರೀತಿಯಿಂದಲೇ ಬರೆದಿದ್ದು, ಒಪ್ತೀನಿ. ಆದ್ರೆ ತೆರೆಮರೆ ಎಲ್ಲಿತ್ತು ಸ್ವಾಮಿ, ಪ್ರತಿ ಭಾನುವಾರ ಇಡೀ ಸಭೆ ಮುಂದೆ ಕೂತಿದ್ರಲ್ಲ!

ಆಮೇಲಿನ ವರ್ಷಗಳು ಹೇಳೋಕೆ ಕಷ್ಟ. 1968 ಏಪ್ರಿಲ್ 4ರ ಮಧ್ಯಾಹ್ನ ಮೆಂಫಿಸ್‌ನ ಮೋಟೆಲಿಂದ ಅಣ್ಣತಮ್ಮ ಇಬ್ಬರೂ ಅಮ್ಮನಿಗೆ ಫೋನ್ ಮಾಡಿದ್ರು, ನಾನು ಅವನು, ಅವನು ನಾನು ಅಂತ ಒಬ್ಬರ ಧ್ವನಿ ಇನ್ನೊಬ್ಬರು ಮಾಡಿ ಆಟ ಆಡಿಸಿದ್ರು. ಸಂಜೆ ಮಾರ್ಟಿನ್ ಇಲ್ಲ. ಮರುವರ್ಷ ಜುಲೈನಲ್ಲಿ ಎ.ಡಿ. ಮನೆಯ ಈಜುಕೊಳದಲ್ಲಿ ಹೆಣವಾಗಿ ಸಿಕ್ಕ. ಅಷ್ಟಾದ್ರೂ ಭಾನುವಾರ ತಪ್ಪಿಸ್ಲಿಲ್ಲ.

1974 ಜೂನ್ 30, ಭಾನುವಾರದ ಆರಾಧನೆ, 1972ಕ್ಕೇ ಆ ಹೊಣೆ ಮುಗಿದಿದ್ರೂ ಅವತ್ತು ಆರ್ಗನ್ ಮುಂದೆ ಕೂತು ಕರ್ತನ ಪ್ರಾರ್ಥನೆಯ ರಾಗ ನುಡಿಸ್ತಿದ್ರು. ಒಹಾಯೋದಿಂದ ಬಂದಿದ್ದ 23 ವರ್ಷದ ಒಬ್ಬ ಕಪ್ಪು ಯುವಕ ಎದ್ದು ಗುಂಡು ಹಾರಿಸಿದ. ಆಲ್ಬರ್ಟಾ ಮತ್ತೆ ಒಬ್ಬ ಡೀಕನ್, ಅಂದ್ರೆ ಚರ್ಚಿನ ಕೆಲಸಕ್ಕೆ ನೆರವಾಗೋ ಹಿರಿಯ, ಇಬ್ಬರೂ ತೀರ್ಕೊಂಡ್ರು, ಇನ್ನೊಬ್ಬ ಹೆಂಗಸಿಗೆ ಗಾಯ ಆಯ್ತು. ಕ್ರೈಸ್ತರೆಲ್ಲಾ ನನ್ನ ಶತ್ರುಗಳು ಅಂದನಂತೆ, ಗುರಿ ಇದ್ದಿದ್ದು ಗಂಡನ ಮೇಲೆ, ಇವರು ಹತ್ತಿರ ಕೂತಿದ್ರು ಅಂತ ಇವರನ್ನ ಹೊಡೆದೆ ಅಂದ. ಸಾವಲ್ಲೂ ಇನ್ಯಾರದ್ದೋ ಬದಲಿಗೆ, ನನಗೆ ಇದನ್ನ ಓದ್ದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕೋರ್ಟು ಮರಣದಂಡನೆ ಕೊಡ್ತು, ಕಿಂಗ್ ಮನೆಯವರು ಮರಣದಂಡನೆಯನ್ನೇ ವಿರೋಧಿಸೋರು, ಅದೂ ಒಂದು ಕಾರಣವಾಗಿ 1995ರಲ್ಲಿ ಅದು ಜೀವಾವಧಿಗೆ ಇಳೀತು, ಅದೇ ವರ್ಷ ಅವನು ಜೈಲುವಾಸದಲ್ಲೇ ಸತ್ತ. ಗಂಡ ಮಾತ್ರ ಯಾರನ್ನೂ ದ್ವೇಷಿಸಲ್ಲ ಅಂತ ಹೇಳ್ಕೊಂಡೇ ಇದ್ದು, 1975ರಲ್ಲಿ ಪಾಸ್ಟರ್ ಕೆಲಸದಿಂದ ನಿವೃತ್ತಿ ತಗೊಂಡ್ರು.

ಆ ಹಳೇ ಚರ್ಚ್ ಕಟ್ಟಡ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ, ಸಭೆ ಎದುರುಗಡೆ ಹೊಸ ಕಟ್ಟಡಕ್ಕೆ ಹೋಗಿದೆ. ಅಟ್ಲಾಂಟಾಕ್ಕೆ ಹೋಗೋರು ಯಾರಾದ್ರೂ ಇದ್ರೆ ಒಳಗೆ ಹೋದಾಗ ಪ್ರಸಂಗಪೀಠದ ಫೋಟೋ ತಗೊಳ್ಳಿ, ಎಲ್ಲರೂ ತಗೋತಾರೆ, ಆಮೇಲೆ ಆರ್ಗನ್ ಎಲ್ಲಿದೆ ಅಂತ ಗೈಡನ್ನ ಕೇಳಿ. ನನ್ನ ಸಮಯ ಮುಗೀತು ಅಂತ ಅಲ್ಲಿಂದ ಕೈ ತೋರಿಸ್ತಿದಾರೆ, ಪ್ರಶ್ನೆ ಇದ್ದವರು ಮೈಕ್ ಹತ್ರ ಬನ್ನಿ.