ವೇಗ ವೇಗ ಅನ್ನಬೇಡ್ರಿ, ಬಿಸಿ ನೋಡ್ರಿ

ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿಯಿಂದ ನಾನು, ಎದುರಿಗೆ ಮೈಕು, ಪಕ್ಕದಲ್ಲಿ ಆರಿದ ಚಹಾ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಅದನ್ನು ಹರಿದು ಹಾಕಿದೆ. ಯಾಕಂದ್ರೆ ಒಂದು ಕಾಮೆಂಟು ತಲೆ ಕೆಡಿಸಿದೆ.

ಹೋದ ವಾರ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಬಗ್ಗೆ ಒಂದು ಚಿಕ್ಕ ವಿಡಿಯೊ ಹಾಕಿದ್ದೆ. ಅಮೆರಿಕದವರ ಬೇಹುಗಾರಿಕೆ ವಿಮಾನ. ಉದ್ದಕ್ಕೆ, ಚಪ್ಪಟೆಯಾಗಿ, ಕಪ್ಪಗೆ ಇರುತ್ತದೆ, ನೋಡಿರುತ್ತೀರಿ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ನಿಂತಲ್ಲೇ ಎಣ್ಣೆ ಸೋರುವ ವಿಮಾನಕ್ಕೆ ಇಷ್ಟು ಬಿಲ್ಡಪ್ ಯಾಕೆ ಸರ್? ವೇಗ ಬೇಕಂದ್ರೆ ರಾಕೆಟ್ ಇದೆಯಲ್ಲ." ಅದಕ್ಕೆ ಬಿದ್ದ ಲೈಕು ನನ್ನ ವಿಡಿಯೊಗೆ ಬಿದ್ದದ್ದಕ್ಕಿಂತ ಜಾಸ್ತಿ. ಹೊಟ್ಟೆ ಉರಿಯಲ್ವಾ? ಉರಿಯಿತು.

ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ಬೇಜಾರಾದರೂ ಪರವಾಗಿಲ್ಲ, ಮತ್ತೆ ಮತ್ತೆ ಹೇಳುತ್ತೇನೆ. ಬ್ಲ್ಯಾಕ್‌ಬರ್ಡ್‌ನ ದೊಡ್ಡಸ್ತಿಕೆ ಅದರ ವೇಗ ಅಲ್ಲ. ಬಿಸಿ. ಆ ವೇಗದಲ್ಲಿ ಹುಟ್ಟುವ ಬಿಸಿಯನ್ನು ಅದು ಗಂಟೆಗಟ್ಟಲೆ ತಡೆದುಕೊಂಡಿತಲ್ಲ, ಅದು.

ವೇಗದ ಲೆಕ್ಕ ಬೇಕೇ ಬೇಕು ಅನ್ನುವವರಿಗೆ ಅದನ್ನೂ ಕೊಟ್ಟು ಮುಗಿಸಿಬಿಡೋಣ. 1976ರ ಜುಲೈ 28ರಂದು ಗಂಟೆಗೆ 3,529 ಕಿಲೋಮೀಟರ್. ಸ್ವಂತ ಉಸಿರಿನ ಮೇಲೆ, ಅಂದ್ರೆ ಗಾಳಿ ಎಳೆದುಕೊಂಡು ಓಡುವ ಎಂಜಿನ್ ಇಟ್ಟುಕೊಂಡು, ಮನುಷ್ಯ ಕೂತು ನಡೆಸಿದ ಜೆಟ್‌ಗಳಲ್ಲಿ ಆ ದಾಖಲೆ ಇವತ್ತಿಗೂ ನಿಂತಿದೆ. 1974ರಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 1 ಗಂಟೆ 54 ನಿಮಿಷ 56 ಸೆಕೆಂಡ್. ನಡುವೆ ನಿಧಾನ ಮಾಡಿ ಗಾಳಿಯಲ್ಲೇ ಎಣ್ಣೆ, ಅಂದ್ರೆ ಇಂಧನ, ತುಂಬಿಸಿಕೊಂಡದ್ದೂ ಸೇರಿ! ಬೆಳಗಾವಿಯಿಂದ ಬೆಂಗಳೂರಿಗೆ ಆ ಲೆಕ್ಕದಲ್ಲಿ ಸುಮಾರು ಎಂಟು ನಿಮಿಷ. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋಗುವವರು ಈಗ ನಿಟ್ಟುಸಿರು ಬಿಡಬಹುದು. ಆದರೆ ಹುಷಾರು, ತಿರುಗಿ ಬರೋದು ಕಷ್ಟ. ಉತ್ತರಕ್ಕೆ ಹೊರಟು ಬೆಳಗಾವಿ ಮೇಲೆ ಬಲಕ್ಕೆ ತಿರುಗಲು ಶುರು ಮಾಡಿದರೆ, ಪೂರ್ತಿ ಹಿಂದಕ್ಕೆ ಮುಖ ಮಾಡುವಷ್ಟರಲ್ಲಿ ಬಾಗಲಕೋಟೆ, ವಿಜಯಪುರ ಎರಡೂ ಹಿಂದೆ ಬಿದ್ದಿರುತ್ತವೆ. ಅಷ್ಟು ದೊಡ್ಡ ತಿರುವು.

ಆಯಿತಾ? ಮುಗೀತು ವೇಗ. ಈಗ ಬಿಸಿಗೆ ಬನ್ನಿ.

80 ಸಾವಿರ ಅಡಿ ಮೇಲೆ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ. ಅಂಥ ಥಂಡಿಯಲ್ಲಿ ಹಾರುವ ವಿಮಾನದ ಮುಂದಿನ ಗಾಜು 300 ಡಿಗ್ರಿ ಕಾಯುತ್ತಿತ್ತು. ಶಬ್ದದ ಮೂರು ಪಟ್ಟು ವೇಗದಲ್ಲಿ ನುಗ್ಗಿದರೆ ಮುಂದಿನ ಗಾಳಿಗೆ ಸರಿಯಲು ಪುರುಸೊತ್ತಿಲ್ಲ. ಅಲ್ಲೇ ಒತ್ತಿಕೊಂಡು ಬಿಸಿಯಾಗುತ್ತದೆ. ಒಳಗೆ ಗಗನಯಾತ್ರಿಗಳಂತೆ ಪ್ರೆಶರ್ ಸೂಟ್ ಹಾಕಿಕೊಂಡು ಇಬ್ಬರು ಕೂತಿರುತ್ತಿದ್ದರು. ಮುಂದೆ ಪೈಲಟ್, ಹಿಂದೆ ಕ್ಯಾಮೆರಾ, ರೇಡಾರ್ ನೋಡಿಕೊಳ್ಳುವವನು. ಊಟ ಅಂದ್ರೆ ಟೂತ್‌ಪೇಸ್ಟಿನಂಥ ಟ್ಯೂಬು. ಅದನ್ನು ಕಿಟಕಿ ಗಾಜಿಗೆ ಹಿಡಿದರೆ ಸಾಕು, ಬಿಸಿಯಾಗುತ್ತಿತ್ತು. ಗಾಜು ಎರಡು ಪದರದ್ದು, ಅದರ ಒಳಬದಿಯೇ ಕೈ ಸುಡುವಷ್ಟು ಬಿಸಿ. ಮೇ ತಿಂಗಳ ವಿಜಯಪುರದವರು ನಮ್ಮ ಬಿಸಿಲೇ ಬಿಸಿಲು ಅಂತ ಮೀಸೆ ತಿರುವುತ್ತಾರೆ. ತಿರುವಲಿ, ಪಾಪ.

ಈ ಬಿಸಿಗೆ ಅಲ್ಯೂಮಿನಿಯಂ ನಿಲ್ಲುವುದಿಲ್ಲ. "ಶಬ್ದಕ್ಕಿಂತ ಜೋರಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾಂಕಾರ್ಡ್ ಅಲ್ಯೂಮಿನಿಯಂ ಅಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಹೌದು ರೀ, ಅದಕ್ಕೇ ಕಾಂಕಾರ್ಡ್ ಶಬ್ದದ ಎರಡು ಪಟ್ಟಿಗೆ ನಿಂತಿತು. ಮೂತಿ 127 ಡಿಗ್ರಿ ಮುಟ್ಟಿದರೆ ಅಲ್ಲಿಗೆ ಸಾಕು ಮಾಡಬೇಕಿತ್ತು. ಅಲ್ಲಿ ತಡೆದದ್ದು ಯಾರು? ಎಂಜಿನ್ನಾ? ಬಿಸಿ!

ಹಾಗಾಗಿ ಈ ವಿಮಾನ ಕಟ್ಟಿದ ಲಾಕ್‌ಹೀಡ್ ಕಂಪನಿಯ ಎಂಜಿನಿಯರ್ ಕೆಲ್ಲಿ ಜಾನ್ಸನ್ ಮತ್ತು ಗುಟ್ಟಾಗಿ ವಿಮಾನ ರೂಪಿಸುತ್ತಿದ್ದ ಅವರ ಸ್ಕಂಕ್ ವರ್ಕ್ಸ್ ತಂಡ ಟೈಟೇನಿಯಂ ಹಿಡಿದರು. ಹೆಚ್ಚೂಕಮ್ಮಿ ಇಡೀ ವಿಮಾನವೇ ಟೈಟೇನಿಯಂ. ಆ ಕಾಲಕ್ಕೆ ಅಮೆರಿಕದಲ್ಲಿ ಅದು ಸಾಲುವಷ್ಟು ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಎಲ್ಲಿ? ಸೋವಿಯತ್ ಒಕ್ಕೂಟದಲ್ಲಿ. ಹೆಸರು ಮರೆಸಿ, ಬೇರೆ ದೇಶಗಳ ಮೂಲಕ, ಯಾರಿಗೆ ಅಂತ ಹೇಳದೆ ಅಲ್ಲಿಂದಲೇ ಕೊಂಡು ತಂದರು. ಅವರ ಲೋಹದಿಂದಲೇ ಅವರನ್ನು ನೋಡುವ ವಿಮಾನ! ಇನ್ನೊಂದು ಸಣ್ಣ ತಿದ್ದುಪಡಿ, ವಾಟ್ಸಾಪ್ ಪಂಡಿತರಿಗೆ. ಬ್ಲ್ಯಾಕ್‌ಬರ್ಡ್ ರಷ್ಯಾದ ನೆತ್ತಿ ಮೇಲೆ ಹಾರಲಿಲ್ಲ. 1960ರ ಮೇ 1ರಂದು ಅಮೆರಿಕದ ಪೈಲಟ್ ಗ್ಯಾರಿ ಪವರ್ಸ್‌ನ ಬೇಹುಗಾರಿಕೆ ವಿಮಾನ ಯು-2 ಅನ್ನು ಸೋವಿಯತ್‌ನವರು ಹೊಡೆದು ಬೀಳಿಸಿದ ಮೇಲೆ ಆ ಧೈರ್ಯವನ್ನು ಯಾರೂ ಮಾಡಲಿಲ್ಲ. ಇದು ಗಡಿ ಅಂಚಿನಲ್ಲಿ ಹಾರಿ ಪಕ್ಕದಿಂದ ಇಣುಕುತ್ತಿತ್ತು. ವಿಯೆಟ್ನಾಂ, ಉತ್ತರ ಕೊರಿಯಾ ಕಡೆ ಇದರ ಮೇಲೆ ಕ್ಷಿಪಣಿ ಬಿಟ್ಟರು. ಒಂದೂ ತಾಗಲಿಲ್ಲ. ಕಟ್ಟಿದ್ದು 32, ಅಪಘಾತದಲ್ಲಿ ಹೋದದ್ದು 12, ವೈರಿ ಹೊಡೆದು ಬೀಳಿಸಿದ್ದು ಸೊನ್ನೆ.

ಟೈಟೇನಿಯಂ ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಬೆಳಗಾವಿಯ ಕಾರ್ಖಾನೆಗಳ ಪ್ರದೇಶ, ನಮ್ಮ ಉದ್ಯಮಬಾಗಕ್ಕೆ ಬನ್ನಿ. ಅಲ್ಲಿ ನನ್ನ ದೋಸ್ತ ಒಬ್ಬ ಮಷಿನ್ ಶಾಪ್ ಇಟ್ಟಿದ್ದಾನೆ. ಒಂದು ಸಲ ಬೆರಳು ದಪ್ಪದ ಟೈಟೇನಿಯಂ ಸಲಾಕೆಯನ್ನು ಲೇತಿಗೆ ಕಟ್ಟಿ ತೋರಿಸಿದ. ಸಾದಾ ಕಬ್ಬಿಣ ಕೊರೆಯುವಾಗ ಬಿಸಿಯೆಲ್ಲ ಸುರುಳಿ ಸುರುಳಿಯಾಗಿ ಬೀಳುವ ಚಿಪ್ಸ್ ಜೊತೆ ಹೊರಟುಹೋಗುತ್ತದೆ. ಇದರಲ್ಲಿ ಹೋಗಲ್ಲ. ಬಿಸಿ ಟೂಲಿನ ತುದಿಯಲ್ಲೇ ಕೂತುಬಿಡುತ್ತದೆ. ತಂಪು ಮಾಡುವ ಕೂಲಂಟ್ ಧಾರೆ ಸುರಿಯುತ್ತಲೇ ಇತ್ತು, ಆದರೂ ಟೂಲಿನ ತುದಿಗೆ ಹಾಕುವ ಇನ್‌ಸರ್ಟ್ ತುಂಡಿನ ಮೂಲೆ ಕಪ್ಪಾಗಿ ಉದುರಿತು. "ಇದರ ಮುಂದೆ ಅವಸರ ಮಾಡಿದರೆ ಅದು ನಮ್ಮನ್ನೇ ತಿಂತದ ಮಾರಾಯಾ" ಅಂದ. ಇಷ್ಟು ಸುಧಾರಿಸಿದ ಟೂಲು ಇರುವ ಈ ಕಾಲದ ಕಥೆ ಇದು. ಲಾಕ್‌ಹೀಡ್‌ನವರು ಕೊರೆದದ್ದು 1960ರ ಸುಮಾರಿಗೆ.

ಅಲ್ಲಿ ನಡೆದದ್ದು ಕೇಳಿದರೆ ಇನ್ನೂ ಮಜಾ ಇದೆ. ರೆಕ್ಕೆಯ ಕೆಲವು ಹಲಗೆಗಳ ವೆಲ್ಡಿಂಗ್ ಬೇಗ ಕೈ ಕೊಡುತ್ತಿತ್ತು. ಲೆಕ್ಕ ತೆಗೆದು ನೋಡಿದರೆ ಬೇಸಿಗೆಯಲ್ಲಿ ಮಾಡಿದವು ಕೆಡುತ್ತಿದ್ದವು, ಚಳಿಗಾಲದವು ಚೆನ್ನಾಗಿದ್ದವು. ಯಾಕೆ? ಕಾರ್ಖಾನೆ ಇದ್ದ ಬರ್ಬ್ಯಾಂಕ್ ಊರಿನ ನಲ್ಲಿ ನೀರಿಗೆ ಬೇಸಿಗೆಯಲ್ಲಿ ಪಾಚಿ ಕಟ್ಟದಿರಲಿ ಅಂತ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು. ಹಲಗೆ ತೊಳೆದ ಆ ನೀರೇ ಟೈಟೇನಿಯಂಗೆ ವಿಷ. ಶುದ್ಧ ಮಾಡಿದ ನೀರಿಗೆ ಬದಲಾದರು, ಸರಿಹೋಯಿತು. ಹಾಗೇ ಕ್ಯಾಡ್ಮಿಯಂ ಲೇಪದ ಪಾನಾ ಹಚ್ಚಿ ಬಿಗಿ ಮಾಡಿದ ಬೋಲ್ಟುಗಳ ತಲೆ ಬಿಸಿಗೆ ಕಳಚಿ ಬೀಳುತ್ತಿದ್ದವು. ಅಂಥ ಪಾನಾಗಳನ್ನೆಲ್ಲ ಹುಡುಕಿ ಹುಡುಕಿ ಪೆಟ್ಟಿಗೆಯಿಂದ ಹೊರಗೆ ಎಸೆದರು. ಪಾನಾದಿಂದ ಸೋಲುವ ವಿಮಾನ! ಇದನ್ನೆಲ್ಲ ಗೆದ್ದು ಹಾರಿಸಿದವರಿಗೆ ನೀವು "ಬಿಲ್ಡಪ್" ಅಂತೀರಾ?

ಸ್ವಲ್ಪ ನೀರು ಕುಡಿಯುತ್ತೇನೆ. ಕುಡಿಯುವಷ್ಟರಲ್ಲಿ ಆ ಸಬ್‌ಸ್ಕ್ರೈಬ್ ಬಟನ್ ಒತ್ತಿ ಬಿಡ್ರಿ. ನೋಡುವವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಒತ್ತಿಲ್ಲ. ನನ್ನ ಮಾವನೇ ಒತ್ತಿಲ್ಲ. ಮೆಂಬರ್ ಆದವರಿಗೆ ಬ್ಲ್ಯಾಕ್‌ಬರ್ಡ್ ಪೋಸ್ಟರ್ ಇದೆ, ಕುಂದಾ ಮಾತ್ರ ನೀವೇ ಬಂದು ತಿನ್ನಬೇಕು, ಪಾರ್ಸೆಲ್ ಇಲ್ಲ.

ಈಗ ಆ ಸೋರುವ ವಿಷಯ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ಹಳ್ಳಿಯಲ್ಲಿ ನೋಡಿದ್ದೀರಲ್ಲ? ಕೆಂಡದಲ್ಲಿ ಕಾಯಿಸಿದರೆ ಪಟ್ಟಿ ಹಿಗ್ಗುತ್ತದೆ, ಗಾಲಿಗೆ ಸರಾಗ ಕೂರುತ್ತದೆ, ನೀರು ಹೊಯ್ದರೆ ಕಚ್ಚಿಕೊಳ್ಳುತ್ತದೆ. 32 ಮೀಟರ್ ಉದ್ದದ ವಿಮಾನಕ್ಕೂ ಅದೇ ಕಥೆ. ಹಾರುವಾಗ ಕೆಲವು ಇಂಚು ಉದ್ದ ಆಗುತ್ತಿತ್ತು. ರೆಕ್ಕೆಯ ಹೊದಿಕೆ ಸೊಟ್ಟ ಆಗದೆ ಹಿಗ್ಗಲಿ ಅಂತ ಅದಕ್ಕೆ ಸಣ್ಣ ಮಡಿಕೆ ಮಡಿಕೆ ಕೊಟ್ಟಿದ್ದರು. ಎಣ್ಣೆ ಟ್ಯಾಂಕ್ ಅಂದ್ರೆ ಒಳಗೆ ಬೇರೆ ಡಬ್ಬಿ ಅಲ್ಲ, ವಿಮಾನದ ಚರ್ಮವೇ ಟ್ಯಾಂಕಿನ ಗೋಡೆ. ಆ ಸಂದಿಗಳಿಗೆ ಹಚ್ಚಿದ ಅಂಟು ಕಾದು, ಆರಿ, ಕಾದು, ಆರಿ ಬಿರುಕು ಬಿಡುತ್ತಿತ್ತು. ಆದ್ದರಿಂದ ಸೋರಿಕೆ. ಅದೂ ಹೇಗೆಂದರೆ ಹಾಗಲ್ಲ, ಎಲ್ಲೆಲ್ಲಿ ನಿಮಿಷಕ್ಕೆ ಎಷ್ಟು ಹನಿ ಬಿದ್ದರೆ ನಡೆಯುತ್ತದೆ ಅಂತ ಮಿತಿ ಬರೆದಿಟ್ಟಿದ್ದರು.

"ಎಲ್ಲ ಸೋರಿ ಖಾಲಿ ಆಗ್ತಿತ್ತು, ಅದಕ್ಕೇ ಮೇಲೇರಿದ ಕೂಡಲೇ ಎಣ್ಣೆ ತುಂಬಿಸ್ತಿದ್ದರು" ಅಂತ ಇನ್ನೊಬ್ಬರು ಜ್ಞಾನ ಕೊಟ್ಟಿದ್ದಾರೆ. ಸುಳ್ಳು. ನೆಲ ಬಿಡುವಾಗ ಒಂದು ಎಂಜಿನ್ ಕೈಕೊಟ್ಟರೂ ಬದುಕಬೇಕು, ಹಾಗಾಗಿ ಹಗುರವಾಗಿ ಏಳುತ್ತಿದ್ದರು. ಮೇಲೆ ಹೋದ ಮೇಲೆ ಟ್ಯಾಂಕರ್ ವಿಮಾನದಿಂದ ತುಂಬಿಸಿಕೊಳ್ಳುತ್ತಿದ್ದರು. ಆ ಎಣ್ಣೆಯೂ ಸಾಮಾನ್ಯದ್ದಲ್ಲ. ಜೆಪಿ-7. ಬೆಂಕಿಕಡ್ಡಿ ಗೀರಿ ಎಸೆದರೆ ಕಡ್ಡಿಯೇ ಆರುತ್ತದೆ. ಕಾದ ಟ್ಯಾಂಕಿನಲ್ಲಿ ತಾನೇ ಹೊತ್ತಿಕೊಳ್ಳದಿರಲಿ ಅಂತ ಹಾಗೆ ಮಾಡಿದ್ದರು. ಆಮೇಲೆ ಎಂಜಿನ್‌ನಲ್ಲಿ ಹೊತ್ತಿಸೋದು ಹೇಗೆ? ಗಾಳಿ ತಾಗಿದರೆ ಸಾಕು ಉರಿಯುವ ಬೇರೊಂದು ರಾಸಾಯನಿಕವನ್ನು ಚಿಮ್ಮಿಸುತ್ತಿದ್ದರು, ಹಸಿರು ಬೆಂಕಿ ಭಗ್ ಅಂತಿತ್ತು. ಅದಕ್ಕಿಂತ ಜಾಣತನ ಇನ್ನೊಂದಿದೆ. ಉರಿಯುವ ಮುಂಚೆ ಅದೇ ಎಣ್ಣೆಯನ್ನು ವಿಮಾನದ ಒಳಗೆಲ್ಲ ಸುತ್ತಾಡಿಸಿ ಕಾಕ್‌ಪಿಟ್ಟಿನ ಬಿಸಿ, ಹೈಡ್ರಾಲಿಕ್ಸ್‌ನ ಬಿಸಿ ಎಲ್ಲ ಹೀರಿಸುತ್ತಿದ್ದರು. ಎಣ್ಣೆಯೇ ಕೂಲಂಟು. ಬಣ್ಣ ಕಪ್ಪು ಯಾಕೆ? ಕದ್ದು ಓಡಾಡೋಕಾ? ಅಲ್ಲ ರೀ, ಕಪ್ಪು ಬಣ್ಣ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. ಎಲ್ಲಿ ಮುಟ್ಟಿದರೂ ಬಿಸಿ!

ಇನ್ನು ಕೇಳಿ. ಇದು ಕೇಳಿದ ಮೇಲೂ ಯಾರಾದರೂ ವೇಗ ಅಂದ್ರೆ ನನ್ನ ಜೊತೆ ಮಾತು ಬಿಡಿ. ಆ ವಿಮಾನ ಎಷ್ಟು ಜೋರು ಹೋಗಬಹುದು ಅನ್ನುವ ಕೊನೆಯ ಗೆರೆಯನ್ನು ಎಳೆದದ್ದು ವೇಗದ ಅಂಕಿ ಅಲ್ಲ. ಎಂಜಿನ್ ಬಾಯಿಗೆ ಬರುವ ಗಾಳಿ 427 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಅದೇ ಗೆರೆ. ಅಂದ್ರೆ ಪೈಲಟ್‌ನ ಸ್ಪೀಡ್ ಲಿಮಿಟ್ ಇದ್ದದ್ದು ಡಿಗ್ರಿಯಲ್ಲಿ! ತಳ್ಳುವ ಶಕ್ತಿ ಇನ್ನೂ ಇತ್ತು. ಬಿಸಿ ಬೇಡ ಅಂತು. ಡಿ-ಗ್ರಿ-ಯ-ಲ್ಲಿ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ರಾಕೆಟ್ ಅಂದ್ರಲ್ಲ? ಬನ್ನಿ. ಎಕ್ಸ್-15 ರಾಕೆಟ್ ವಿಮಾನ 1967ರ ಅಕ್ಟೋಬರ್ 3ರಂದು ಶಬ್ದದ 6.7 ಪಟ್ಟು ಹೋಯಿತು. ಒಪ್ಪಿದೆ. ಬೇರೆ ವಿಮಾನದ ರೆಕ್ಕೆಗೆ ಜೋತುಬಿದ್ದು ಮೇಲೆ ಹೋಗಿ, ನಿಮಿಷ ಎರಡು ನಿಮಿಷ ಉರಿದು, ಮೈ ಸುಟ್ಟುಕೊಂಡು ತೂತಾಗಿ ಇಳಿಯಿತು. ಸುಟ್ಟದ್ದು ಯಾವುದು? ನಾನು ಬಾಯಿ ಬಿಡಲ್ಲ, ನೀವೇ ಹೇಳಿ.

ಸೋವಿಯತ್‌ನವರ ಜೆಟ್ ಮಿಗ್-25ರ ಅಭಿಮಾನಿಗಳು ಈಗಾಗಲೇ ಟೈಪ್ ಮಾಡುತ್ತಿರುತ್ತಾರೆ. ಗೊತ್ತು, ನಮ್ಮ ವಾಯುಪಡೆಯಲ್ಲೂ ಇತ್ತು, 1981ರಿಂದ 2006ರವರೆಗೆ, ಗರುಡ ಅಂತ ಹೆಸರು. ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಅದು ಮೂರು ಪಟ್ಟು ದಾಟಿದರೆ ಎಂಜಿನ್ ಗುಜರಿಗೆ. ಬ್ಲ್ಯಾಕ್‌ಬರ್ಡ್ ಅದೇ ವೇಗದಲ್ಲಿ ಊಟ ಮಾಡಿಕೊಂಡು ಹೋಗುತ್ತಿತ್ತು. ಬಿಸಿಯಾದ ಊಟ.

"ಉಪಗ್ರಹ ಬಂತು, ಖರ್ಚು ಜಾಸ್ತಿ ಆಯಿತು, 1990ರಲ್ಲಿ ಮನೆಗೆ ಕಳಿಸಿದರಲ್ಲ?" ಹೂಂ, ಕಳಿಸಿದರು. ಕಳಿಸುವ ದಿನವೂ ಲಾಸ್ ಏಂಜಲಿಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷ 20 ಸೆಕೆಂಡಿನಲ್ಲಿ ಹಾರಿಸಿ ಮ್ಯೂಸಿಯಂಗೆ ಕೊಟ್ಟರು. ಮತ್ತೆ ಬೇಕು ಅಂತ 1995ರಲ್ಲಿ ಕೆಲವನ್ನು ಹೊರಗೆ ತಂದರು, ಗೊತ್ತಾ? ಖರ್ಚು ಯಾಕೆ ಜಾಸ್ತಿ ಅಂತ ಯಾರೂ ಕೇಳಲ್ಲ. ಬೇರೆ ಎಣ್ಣೆ, ಅದಕ್ಕೇ ಬೇರೆ ಟ್ಯಾಂಕರ್, ಬೇರೆ ಟಯರು, ಬೇರೆ ಪಾನಾ. ಎಲ್ಲ ಯಾಕೆ? ಬಿಸಿ! ಉಪಗ್ರಹ ಯಾಕೆ ಗೆದ್ದಿತು? ಅಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಮೇಲೆ ಬಿಸಿ ಇಲ್ಲ! ಇದು ಸ್ವಲ್ಪ ಎಳೆದು ತಂದ ಹಾಗಾಯಿತು ಅಂತ ಕ್ಯಾಮೆರಾ ಹಿಡಿದ ಹುಡುಗ ನಗುತ್ತಿದ್ದಾನೆ. ನಗು ತಮ್ಮಾ, ಸಂಬಳ ಕೊಡುವಾಗ ನಾನೂ ನಗುತ್ತೇನೆ.

ಇನ್ನೂ ಏನೋ ಬರೆದಿದ್ದೆ, ಚೀಟಿ ಸಿಗುತ್ತಿಲ್ಲ. ಇರಲಿ. ಬಿಸಿ ಅಂತಲೇ ಇರಬೇಕು.

ಮುಂದಿನ ವಾರ ಮಿಗ್-25, ಪೂರ್ತಿ ಒಂದು ಗಂಟೆ, ಅಭಿಮಾನಿಗಳಿಗೆ ಖುಷಿಯಾಗಲಿ. ಆ ಕಾಮೆಂಟ್ ಹಾಕಿದ ಮಹಾನುಭಾವರೇ, ನೀವು ಬರಲೇಬೇಕು. ಬೈಯುವುದಿದ್ದರೆ ಕೆಳಗೆ ಬೈಯಿರಿ, ಆದರೆ ಸ್ವಲ್ಪ ಉದ್ದಕ್ಕೆ ಬೈಯಿರಿ, ವಿಡಿಯೊ ಮೇಲೆ ಬರುತ್ತದೆ. ಏ, ಆ ಲೈಟ್ ಆರಿಸೋ, ಮೋರೆ ಸುಡುತ್ತಿದೆ. ಬರ್ತೀನ್ರಿ, ನಮಸ್ಕಾರ.