ರಾಡ್ ತಿರುಗಿಸಬೇಡಿ ಪ್ಲೀಸ್! ತುಮಕೂರಲ್ಲೊಂದು ಫೂಸ್‌ಬಾಲ್ ಸಂಜೆ

ಈ ಟಪ ಟಪ ಸದ್ದು ಕೇಳಿಸುತ್ತಿದೆಯಾ? ಬಿ.ಎಚ್. ರಸ್ತೆ ಪಕ್ಕದ ಒಂದು ಪುಟ್ಟ ಗೇಮ್ ಝೋನ್ ಇದು. ಭಾನುವಾರ ಸಂಜೆ. ಕಂಪ್ಯೂಟರ್ ಮುಂದೆ ಕೂತ ಹುಡುಗರು ಹೆಡ್‌ಫೋನ್ ಹಾಕಿಕೊಂಡು ಅವರ ಪಾಡಿಗೆ ಅವರಿದ್ದಾರೆ. ಗಲಾಟೆಯೆಲ್ಲ ಮೂಲೆಯಲ್ಲಿರುವ ಈ ಟೇಬಲ್ ಸುತ್ತ! ಇದೇ ಫೂಸ್‌ಬಾಲ್, ರಾಡಿಗೆ ಸಿಕ್ಕಿಸಿದ ಬೊಂಬೆಗಳಿಂದ ಟೇಬಲ್ ಮೇಲೆ ಆಡುವ ಫುಟ್‌ಬಾಲ್.

ಮೇಲಿಂದ ತೋರಿಸುತ್ತೇನೆ, ನೋಡಿ. ಎಂಟು ರಾಡ್, ಒಂದೊಂದು ತಂಡಕ್ಕೆ ನಾಲ್ಕು. ಗೋಲ್‌ಕೀಪರ್ ಒಬ್ಬ, ಅವನ ಮುಂದೆ ಇಬ್ಬರು, ನಡುವೆ ಐದು ಜನ, ಗೋಲ್ ಹೊಡೆಯೋಕೆ ಮೂವರು. ಹನ್ನೊಂದು ಸರಿಹೋಯ್ತಲ್ವಾ? ಅಮೆರಿಕದ ಕೆಲವು ಟೇಬಲ್‌ಗಳಲ್ಲಿ ಗೋಲ್‌ಕೀಪರ್ ರಾಡಿಗೇ ಮೂರು ಬೊಂಬೆ ಇರುತ್ತವೆ. ಮೂಲೆಗೆ ಹೋದ ಬಾಲು ಅಲ್ಲೇ ಸಿಕ್ಕಿಕೊಳ್ಳಬಾರದು ಅಂತ.

ಇದನ್ನು ಕಂಡುಹಿಡಿದದ್ದು ಯಾರು ಅಂತ ಕೇಳಿದರೆ ಜಗಳ ಶುರು. ದಾಖಲೆ ನೋಡಿದರೆ ಇಂಗ್ಲೆಂಡಿನ ಹೆರಾಲ್ಡ್ ಸರ್ಲ್ಸ್ ಥಾರ್ನ್‌ಟನ್. ಅರ್ಜಿ ಹಾಕಿದ, 1923ರಲ್ಲಿ ಪೇಟೆಂಟ್ ಸಿಕ್ಕಿತು. ಟಾಟನ್‌ಹ್ಯಾಮ್ ಫುಟ್‌ಬಾಲ್ ತಂಡದ ಅಭಿಮಾನಿ. ಬೆಂಕಿಪೊಟ್ಟಣದ ಮೇಲೆ ಕಡ್ಡಿಗಳನ್ನು ಅಡ್ಡ ಇಟ್ಟಾಗ ಈ ಆಟ ಹೊಳೆಯಿತಂತೆ.

ಸ್ಪೇನ್‌ನವರು ಇದನ್ನು ಒಪ್ಪುವುದಿಲ್ಲ. ಅವರ ಕಥೆ ಬೇರೆ. 1936, ಅಂತರ್ಯುದ್ಧದ ಕಾಲ. ಮ್ಯಾಡ್ರಿಡ್ ಮೇಲೆ ಬಾಂಬ್ ಬೀಳುತ್ತಿತ್ತು. ಅಲೆಹಾಂದ್ರೊ ಫಿನಿಸ್ಟೆರ್ರೆ ಅನ್ನುವ 17 ವರ್ಷದ ಹುಡುಗ ಗಾಯಗೊಂಡು ಆಸ್ಪತ್ರೆ ಸೇರಿದ. ಅಲ್ಲಿ ಅವನಂತೆಯೇ ಪೆಟ್ಟು ತಿಂದ ಮಕ್ಕಳು, ಮತ್ತೆ ಫುಟ್‌ಬಾಲ್ ಆಡಲು ಆಗದವರು. ಟೇಬಲ್ ಟೆನಿಸ್ ಇರಬಹುದಾದರೆ ಟೇಬಲ್ ಫುಟ್‌ಬಾಲ್ ಯಾಕಿರಬಾರದು? ಅಲ್ತುನಾ ಅನ್ನುವ ಬಡಗಿ ಅವನಿಗೆ ಟೇಬಲ್ ಮಾಡಿಕೊಟ್ಟ. 1937ರಲ್ಲಿ ಫಿನಿಸ್ಟೆರ್ರೆ ಪೇಟೆಂಟ್ ಕೂಡ ಮಾಡಿಸಿದ. ಆಮೇಲೆ ಫ್ರಾನ್ಸ್‌ಗೆ ತಪ್ಪಿಸಿಕೊಂಡು ಹೋಗುವಾಗ ಪಿರನೀಸ್ ಬೆಟ್ಟದಲ್ಲಿ ಮಳೆ ಸುರಿದು ಆ ಕಾಗದವೆಲ್ಲ ಹಾಳಾಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಮುಂದೆ ಕವಿಯಾದ, ಪುಸ್ತಕ ಪ್ರಕಟಿಸಿದ, 2007ರಲ್ಲಿ ತೀರಿಕೊಂಡ. ಇಸವಿ ನೋಡಿದರೆ ಗೆಲುವು ಥಾರ್ನ್‌ಟನ್‌ದೇ. ಆದರೆ ನನ್ನ ವೋಟು ಈ ಹುಡುಗನಿಗೆ. ಸ್ಪೇನ್ ಟೇಬಲ್‌ನ ಬೊಂಬೆಗಳಿಗೆ ಇವತ್ತಿಗೂ ಎರಡು ಕಾಲು ಬಿಡಿಬಿಡಿಯಾಗಿರುತ್ತವೆ.

1970ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟಕ್ಕೆ ದೊಡ್ಡ ದೊಡ್ಡ ಬಹುಮಾನದ ಟೂರ್ನಿಗಳು ನಡೆದವು. ಅಷ್ಟರಲ್ಲಿ ವಿಡಿಯೋ ಗೇಮ್ ಬಂತು, ಜನ ಆ ಕಡೆ ಓಡಿದರು. ಆದರೂ ಆಟ ಸಾಯಲಿಲ್ಲ. 2002ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ಹುಟ್ಟಿತು, ವರ್ಲ್ಡ್ ಕಪ್ಪೂ ನಡೆಯುತ್ತದೆ. ಇಲ್ಲಿ ನೋಡಿ, ಅದೇ ವಿಡಿಯೋ ಗೇಮ್‌ಗಳ ಪಕ್ಕದಲ್ಲೇ ಇದೂ ನಿಂತಿದೆ. ಯಾಕೆ ಅಂದರೆ, ಗೋಲ್ ಬಿಟ್ಟವನ ಮುಖ ಇಲ್ಲಿ ಎರಡಡಿ ದೂರದಲ್ಲೇ ಇರುತ್ತದೆ. ರೇಗಿಸೋಕೆ ಇನ್ನೇನು ಬೇಕು?

ಈಗ ನನ್ನ ತಕರಾರಿಗೆ ಬರೋಣ. ನಮ್ಮೂರಲ್ಲಿ ಎಲ್ಲರೂ ರಾಡನ್ನು ಗಿರಗಿರ ತಿರುಗಿಸುತ್ತಾರೆ. ಟೂರ್ನಿ ನಿಯಮದಲ್ಲಿ ಅದು ತಪ್ಪು. ಬಾಲಿಗೆ ತಾಗುವ ಮೊದಲಾಗಲಿ, ತಾಗಿದ ಮೇಲಾಗಲಿ 360 ಡಿಗ್ರಿಗಿಂತ ಜಾಸ್ತಿ ಸುತ್ತುವಂತಿಲ್ಲ. ಕ್ಯಾರಂನಲ್ಲೂ ಅಷ್ಟೇ, ಸುಮ್ನೆ ಜೋರಾಗಿ ಹೊಡೆದರೆ ಕಾಯಿ ಬೀಳುತ್ತದಾ?

ಈ ನೀಲಿ ಟೀಶರ್ಟ್ ಹುಡುಗನನ್ನು ಗಮನಿಸಿ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾನೆ, ಆಫೀಸ್ ಬ್ರೇಕ್‌ನಲ್ಲಿ ಕಲಿತದ್ದಂತೆ. ಬಾಲನ್ನು ಬೊಂಬೆಯ ಕಾಲ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಗೋಲ್‌ಕೀಪರ್ ಯಾವ ಕಡೆ ವಾಲುತ್ತಾನೆ ಅಂತ ಕಾಯುತ್ತಾನೆ. ಆಮೇಲೆ ರಾಡನ್ನು ತನ್ನ ಕಡೆ ಸರ್ ಅಂತ ಎಳೆದು, ಮಣಿಕಟ್ಟಿನ ಒಂದೇ ಏಟು. ಇದೇ ಪುಲ್ ಶಾಟ್. ನಿಧಾನಗತಿಯಲ್ಲಿ ಇನ್ನೊಂದು ಸಲ ಹಾಕುತ್ತೇನೆ, ಆಗಲಾದರೂ ಬಾಲು ಕಾಣಬಹುದು!

ಸರಿ, ಈಗ ನಮ್ಮ ಸರದಿ. ತಿರುಗಿಸಿ ಹೊಡೆದ ಗೋಲು ಲೆಕ್ಕಕ್ಕಿಲ್ಲ ಅಂತ ಮೊದಲೇ ಮಾತಾಗಿದೆ. ಸೋತ ಜೋಡಿ ಕ್ಯಾತ್ಸಂದ್ರದಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು. ಹಾಕಪ್ಪಾ ಬಾಲು!