ಬಿದರಿಯ ಕಪ್ಪನ್ನು ಕಪ್ಪಾಗಿಯೇ ತೋರಿಸುವ ಕ್ಯಾಮೆರಾ

ಬೀದರ್‌ನ ಚೌಬಾರಾ ಸುತ್ತಲಿನ ಅಂಗಡಿಗಳಲ್ಲಿ ಬಿದರಿ ಹೂಜಿಯನ್ನೋ ಡಬ್ಬಿಯನ್ನೋ ಮೊಬೈಲ್‌ನಲ್ಲಿ ಸೆರೆಹಿಡಿಯಲು ನೋಡಿದವರಿಗೆಲ್ಲ ಈ ತೊಂದರೆ ಗೊತ್ತಿರುತ್ತದೆ: ಕಣ್ಣಿಗೆ ಕಾಡಿಗೆಯಂತೆ ಕಂಡ ಕಪ್ಪು ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅದರ ಮೇಲಿನ ಬೆಳ್ಳಿಯ ಕುಸುರಿ ಬರೀ ಬಿಳಿ ಮಚ್ಚೆಯಾಗಿರುತ್ತದೆ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಈ ಕಪ್ಪನ್ನು ಸರಿಯಾಗಿ ತೋರಿಸಬೇಕು ಎಂಬುದೊಂದೇ ನನ್ನ ಷರತ್ತಾಗಿತ್ತು.

ಕಲಬುರಗಿಯ ಅಂಗಡಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ, "ಝೂಮ್ ಎಷ್ಟ್ ಬೇಕ್ರಿ?" ಎಂಬುದು. ದೂರದ ಗುಮ್ಮಟವನ್ನು ಅಂಗೈಯಲ್ಲಿ ತಂದಿಡುವ ಭಾರೀ ಝೂಮ್‌ನ ಕ್ಯಾಮೆರಾಗಳು ಹೊಸಬರ ಮನಸ್ಸನ್ನು ಬೇಗ ಸೆಳೆಯುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಒಳಫಲಕ, ಸುಮಾರು 6.2 × 4.6 ಮಿಲಿಮೀಟರ್ ಮಾತ್ರ. ಎಪಿಎಸ್-ಸಿ ಎಂದು ಕರೆಯುವ ಸೆನ್ಸರ್ ಸುಮಾರು 23.5 × 15.6 ಮಿಲಿಮೀಟರ್, ಅಂದರೆ ವಿಸ್ತೀರ್ಣದಲ್ಲಿ ಅದರ 13 ಪಟ್ಟು. ಬೆಳಕು ಕಡಿಮೆಯಿದ್ದಲ್ಲಿ, ಉದಾಹರಣೆಗೆ ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯೊಳಗೆ ಗೋಡೆ ಮತ್ತು ಗುಮ್ಮಟದ ಮೇಲಿನ ಬಣ್ಣದ ಚಿತ್ತಾರವನ್ನು ತೆಗೆಯುವಾಗ, ಈ ವ್ಯತ್ಯಾಸ ಮುಚ್ಚಿಡಲು ಬಾರದಷ್ಟು ಎದ್ದು ಕಾಣುತ್ತದೆ. ಮೆಗಾಪಿಕ್ಸೆಲ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. 24 ಮೆಗಾಪಿಕ್ಸೆಲ್ ಚಿತ್ರವನ್ನು 20 ಇಂಚು ಅಗಲಕ್ಕೆ ಮುದ್ರಿಸಿದರೂ ಇಂಚಿಗೆ 300 ಚುಕ್ಕೆಗಳು ಉಳಿಯುತ್ತವೆ. ನಮ್ಮಲ್ಲಿ ಎಷ್ಟು ಮಂದಿ ಅಷ್ಟು ದೊಡ್ಡ ಚಿತ್ರವನ್ನು ಗೋಡೆಗೆ ಹಾಕುತ್ತೇವೆ?

ಒಂದು ಬಿದರಿ ಡಬ್ಬಿಯ ಎರಡು ಚಿತ್ರಗಳನ್ನು ತೆಗೆದು ನೋಡಿದೆ. ಡಬ್ಬಿ ಅದೇ, ಕಿಟಕಿಯ ಬೆಳಕೂ ಅದೇ. ಕ್ಯಾಮೆರಾದ ಬೆಳಕು ಅಳೆಯುವ ವ್ಯವಸ್ಥೆಯು ಎದುರಿಗಿರುವ ದೃಶ್ಯ ಒಟ್ಟಾರೆಯಾಗಿ ನಡುಮಟ್ಟದ ಬೂದು ಎಂದು ಭಾವಿಸಿ ಲೆಕ್ಕ ಹಾಕುವುದರಿಂದ, ಚೌಕಟ್ಟಿನ ತುಂಬ ಕಪ್ಪು ವಸ್ತುವಿದ್ದಾಗ ಅದು ಬೆಳಕು ಸಾಲದೆಂದು ತಿಳಿದು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಮೊದಲ ಚಿತ್ರದಲ್ಲಿ ಆಗಿರುವುದು ಅದೇ. ಎರಡನೆಯದರಲ್ಲಿ, ಆ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 1ಕ್ಕೆ ಇಳಿಸಿದ್ದೇನೆ. ಮುಚ್ಚಳದ ಅಂಚಿನಲ್ಲಿ ಓಡುವ ಬಳ್ಳಿಯ ಪ್ರತಿ ಎಲೆಯೂ ಈಗ ಬಿಡಿಬಿಡಿಯಾಗಿ ಕಾಣುತ್ತದೆ. ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಕೊಳ್ಳುವಂತೆ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಅದು ಗಾಜು, ನೀರಿನ ಪ್ರತಿಫಲನವನ್ನು ಕಡಿಮೆ ಮಾಡುತ್ತದೆಯೇ ಹೊರತು ಬರಿಯ ಲೋಹದ್ದನ್ನಲ್ಲ. ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿದರೆ ಸಾಕು.

ಲೆನ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಕ್ಯಾಮೆರಾದೊಂದಿಗೆ ಬರುವ 18–55 ಮಿಲಿಮೀಟರ್ ಲೆನ್ಸ್ ಬೀದರ್‌ನ ಮಹಮೂದ್ ಗವಾನ್ ಮದರಸಾದ ಎದುರಿನ ರಸ್ತೆಗೆ ಚೆನ್ನಾಗಿಯೇ ಒದಗುತ್ತದೆ, ಆದರೆ ಪೂರ್ತಿ ಝೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕು ಬಿಡುವ ರಂಧ್ರ, ಸಾಮಾನ್ಯವಾಗಿ ಎಫ್ 5.6ರಲ್ಲಿ ನಿಂತುಬಿಡುತ್ತದೆ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ರಂಧ್ರ ದೊಡ್ಡದು. ಎಫ್ 1.8ರ 50 ಮಿಲಿಮೀಟರ್ ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಕುಶಲಕರ್ಮಿಯ ಕೈ ಮತ್ತು ಉಳಿ ಚಲಿಸುತ್ತಿರುವಾಗ ಟ್ರೈಪಾಡ್ ಉಪಯೋಗಕ್ಕೆ ಬಾರದು, ಈ ಲೆನ್ಸೇ ಬೇಕು. ಕದಲದ ಗೋಡೆಗಳಿಗೆ ಟ್ರೈಪಾಡ್ ಸಾಕು. ಆದ್ದರಿಂದ ಕ್ಯಾಮೆರಾದ ಬಾಡಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಉಳಿದ ಹಣವನ್ನು ಲೆನ್ಸ್‌ಗೆ ಹಾಕಿದೆ.

ಇನ್ನು ತಂತ್ರಾಂಶ. ಇದನ್ನು ಕ್ಯಾಮೆರಾ ಕೊಂಡ ನಂತರ ನೋಡಿಕೊಳ್ಳುವ ವಿಷಯವೆಂದು ಬಿಡುವಂತಿಲ್ಲ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 256 ಹಂತಗಳಿದ್ದರೆ, ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಹಂತಗಳಿರುತ್ತವೆ. ಕಪ್ಪಿನೊಳಗಿನ ಕಪ್ಪನ್ನು ಬೇರ್ಪಡಿಸಲು, ಬೆಳ್ಳಿಯ ಹೊಳಪನ್ನು ಹತೋಟಿಗೆ ತರಲು ಆ ಹಂತಗಳೇ ಆಧಾರ. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ ತಮ್ಮ ತಮ್ಮ ಕ್ಯಾಮೆರಾಗಳ ರಾ ಫೈಲ್‌ಗಳನ್ನು ಉಚಿತವಾಗಿ ತೆರೆಯುತ್ತವೆ. ಡಾರ್ಕ್‌ಟೇಬಲ್ ಮತ್ತು ರಾ ಥೆರಪಿ ಎಲ್ಲ ಪ್ರಮುಖ ಕಂಪನಿಗಳ ಫೈಲ್‌ಗಳಿಗೂ ಆಗುತ್ತವೆ, ಅವುಗಳಿಗೂ ಹಣವಿಲ್ಲ. ಲೈಟ್‌ರೂಮ್ ಕಲಿಯಲು ಸುಲಭ ಎಂಬುದು ನಿಜವಾದರೂ, ವರ್ಷವಿಡೀ ಚಂದಾ ಕಟ್ಟುವಷ್ಟು ಕೆಲಸ ಹೊಸಬರಿಗೆ ಇರುವುದಿಲ್ಲ. ನಾನು ಡಾರ್ಕ್‌ಟೇಬಲ್ ಆರಿಸಿಕೊಂಡೆ. ಮೊದಮೊದಲು ಅದರ ಗುಂಡಿಗಳ ರಾಶಿ ನೋಡಿ ಗಾಬರಿಯಾಗುತ್ತದೆ, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮತ್ತು ಟೋನ್ ಹೊಂದಿಸುವ ಒಂದೆರಡು ಭಾಗಗಳನ್ನು ಕಲಿತರೆ ಬಹುಪಾಲು ಕೆಲಸ ಮುಗಿಯುತ್ತದೆ. ಮದರಸಾದ ಮಿನಾರನ್ನು ಕೆಳಗಿನಿಂದ ತೆಗೆದಾಗ ಹಿಂದಕ್ಕೆ ವಾಲಿದಂತೆ ಕಾಣುವುದನ್ನೂ ಅಲ್ಲಿಯೇ ನೆಟ್ಟಗೆ ಮಾಡಬಹುದು.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಕಪ್ಪು ವಸ್ತುವನ್ನು ಜೊತೆಗೆ ಒಯ್ಯಿರಿ. ಅಲ್ಲಿಯೇ ರಾ ಫೈಲ್ ತೆಗೆದು, ಮನೆಯ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲೆ ಹಣ ಕೊಡಿ. ಹೊಸದಾಗಿ ಬಂದ ಕ್ಯಾಮೆರಾಗಳ ರಾ ಫೈಲ್‌ಗಳನ್ನು ಹಳೆಯ ಆವೃತ್ತಿಯ ತಂತ್ರಾಂಶ ಗುರುತಿಸದೆ ಹೋಗಬಹುದು. ಹಾಗಾದರೆ ಆವೃತ್ತಿಯನ್ನು ನವೀಕರಿಸಿ ನೋಡಿ, ಆಗಲೂ ತೆರೆಯದಿದ್ದರೆ ಅದೇ ಕಂಪನಿಯ ಹಿಂದಿನ ಮಾದರಿಯನ್ನು ಕೇಳಿ, ಅದು ಬೆಲೆಯಲ್ಲಿಯೂ ಕಡಿಮೆಯಿರುತ್ತದೆ.